ಪಾಠಯೋಜನೆ ಬರೆಯಲು ಕಲಿತೆವು, ದೂರು ಬರೆಯಲು ಯಾವಾಗ?

ಈ ಸಂಚಿಕೆಗೆ ನನ್ನ ಸಹಪಾಠಿಗಳಲ್ಲಿ ಹೆಚ್ಚಿನವರು ತಮ್ಮ ಅಭ್ಯಾಸ ಬೋಧನೆಯ ಪಾಠಗಳ ಬಗ್ಗೆ ಬರೆದಿದ್ದಾರೆ. ನಾನೂ ಅದನ್ನೇ ಬರೆಯಬೇಕೆಂದುಕೊಂಡಿದ್ದೆ. 8ನೇ ತರಗತಿಯ ‘ಬಲ ಮತ್ತು ಒತ್ತಡ’ ಘಟಕಕ್ಕೆ ಖಾಲಿ ನೀರಿನ ಬಾಟಲಿಗೆ ಬೇರೆ ಬೇರೆ ಎತ್ತರದಲ್ಲಿ ಮೂರು ತೂತು ಕೊರೆದು, ಕೆಳಗಿನ ತೂತಿನ ನೀರು ಏಕೆ ದೂರ ಚಿಮ್ಮುತ್ತದೆ ಎಂದು ಮಕ್ಕಳಿಂದಲೇ ಹೇಳಿಸಿದ್ದೆ. ಆ ಪಾಠಕ್ಕೆ ಮೇಲ್ವಿಚಾರಕ ಉಪನ್ಯಾಸಕರು ಒಳ್ಳೆಯ ಅಂಕವನ್ನೂ ಕೊಟ್ಟರು. ಆದರೆ ಆ ಶಾಲೆ ನೆನಪಾದಾಗಲೆಲ್ಲ ನನಗೆ ಬಾಟಲಿಯ ನೀರಿಗಿಂತ ಮೊದಲು ಬಕೆಟಿನ ನೀರು ನೆನಪಾಗುತ್ತದೆ. ಆದ್ದರಿಂದ ಅದನ್ನೇ ಬರೆಯುತ್ತೇನೆ.

ಶಾಲೆಯ ಹೆಸರನ್ನಾಗಲಿ ಊರಿನ ಹೆಸರನ್ನಾಗಲಿ ಬರೆಯುವುದಿಲ್ಲ. ಸಿಂಧನೂರು, ಮಸ್ಕಿ, ಲಿಂಗಸುಗೂರು, ಈ ಮೂರು ತಾಲ್ಲೂಕುಗಳಲ್ಲಿ ಒಂದರ ಸರ್ಕಾರಿ ಪ್ರೌಢಶಾಲೆ ಎಂದಷ್ಟೇ ತಿಳಿದರೆ ಸಾಕು. ಹೆಸರು ಹೇಳಿದರೆ ಗುರುತು ಸಿಗುವುದು ಶಾಲೆಯದಲ್ಲ, ಮಕ್ಕಳದು.

ಪಾಳಿ

ನನಗೆ ಬೆಳಗಿನ ಮೊದಲ ಅವಧಿ ಸಿಕ್ಕಿತ್ತು. 46 ಮಕ್ಕಳ ತರಗತಿ. ದಿನವೂ ನಾಲ್ವರು ಹುಡುಗಿಯರು ಹದಿನೈದು ಇಪ್ಪತ್ತು ನಿಮಿಷ ತಡವಾಗಿ ಒಳಗೆ ಬರುತ್ತಿದ್ದರು. ಲಂಗದ ಅಂಚು ಒದ್ದೆ. ಪಾಠದ ಪೀಠಿಕೆ ಮುಗಿದು ಚಟುವಟಿಕೆ ಶುರುವಾಗಿರುತ್ತಿತ್ತು. ಮೂರನೆಯ ದಿನ ನಾನು ಅವರನ್ನು ಬಾಗಿಲಲ್ಲೇ ನಿಲ್ಲಿಸಿ ಬೈದೆ. ನನ್ನ ವೀಕ್ಷಣಾ ಪುಸ್ತಕದಲ್ಲಿ ‘ಸಮಯಪಾಲನೆಯಲ್ಲಿ ಹಿಂದೆ’ ಎಂದು ಅವರ ಹೆಸರಿನ ಮುಂದೆ ಬರೆದೆ. ಅವರು ಒಂದು ಮಾತೂ ಆಡಲಿಲ್ಲ.

ಆರನೆಯ ದಿನ ಸೀಮೆಸುಣ್ಣ ತರಲು ಹೋದಾಗ ನೋಡಿದೆ. ನಾಲ್ವರೂ ತೊಟ್ಟಿಯಿಂದ ಬಕೆಟಿನಲ್ಲಿ ನೀರು ಹೊತ್ತು ಶೌಚಾಲಯ ತೊಳೆಯುತ್ತಿದ್ದರು. ತರಗತಿಗೆ ಬಂದು ಲೀಡರ್ ಹುಡುಗಿಯನ್ನು ಕೇಳಿದೆ.

“ಅವರ ಪಾಳಿ ಐತ್ರಿ ಮೇಡಂ.”

“ನಾಳೆ ಯಾರದು?”

“ನಾಳೆನೂ ಅವರದ ರೀ.”

ಅವಳು ಸುಳ್ಳು ಹೇಳುತ್ತಿರಲಿಲ್ಲ, ಏನನ್ನೋ ಮುಚ್ಚಿಡುತ್ತಲೂ ಇರಲಿಲ್ಲ. ಅವಳಿಗೆ ಅದು ಪಾಳಿಯೇ ಆಗಿತ್ತು. ನಾಲ್ವರೂ ಒಂದೇ ಕೇರಿಯವರು. ಆ ಕೇರಿ ಯಾವುದು ಎಂದು ಈ ಭಾಗದ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಾನು ಆ ಕೇರಿಯವಳಲ್ಲ. ಆರು ದಿನ ನನಗೆ ಅದು ಕಾಣದಿರಲು ಅದೂ ಒಂದು ಕಾರಣವಿರಬೇಕು.

ಆ ಸಂಜೆ ಪ್ರತಿಫಲನ ದಿನಚರಿಯಲ್ಲಿ ನಾಲ್ಕು ಸಾಲು ಬರೆದೆ. ಮರುದಿನ ಮಾರ್ಗದರ್ಶಿ ಶಿಕ್ಷಕರು ಓದಿದರು. ಅವರು ಕೆಟ್ಟವರಲ್ಲ. ನನ್ನ ಪಾಠಯೋಜನೆಗಳನ್ನು ಸಾಲು ಸಾಲಾಗಿ ತಿದ್ದಿದವರು, ತಮ್ಮ ಮನೆಯಿಂದ ನನಗೆ ಜೋಳದ ರೊಟ್ಟಿ ತಂದುಕೊಟ್ಟವರು. “ಇದನ್ನ ಬರಿಬ್ಯಾಡ್ರಿ. ನೀವು ಎರಡು ತಿಂಗಳಿಗೆ ಹೊಕ್ಕೀರಿ, ನಾವು ಇಲ್ಲೇ ಇರೋರು” ಎಂದರು. ನನ್ನ ಇಂಟರ್ನ್‌ಶಿಪ್ ಅಂಕಗಳಲ್ಲಿ ಶಾಲೆಯ ಪಾಲೂ ಇದೆ ಎಂಬುದನ್ನು ಅವರು ಹೇಳಲಿಲ್ಲ, ನಾನೇ ನೆನಪಿಸಿಕೊಂಡೆ. ಆ ಹಾಳೆ ಹರಿದೆ. ಮುಂದಿನ ಹನ್ನೊಂದು ದಿನ ಸುಮ್ಮನಿದ್ದೆ. ಮಾಡಿದ್ದು ಇಷ್ಟೇ: ಆ ನಾಲ್ವರು ಬರುವವರೆಗೆ ಚಟುವಟಿಕೆ ಆರಂಭಿಸುತ್ತಿರಲಿಲ್ಲ, ಮತ್ತು ದಿನಚರಿಯ ಕೊನೆಯ ಪುಟದಲ್ಲಿ ಪೆನ್ಸಿಲಿನಿಂದ ಪ್ರತಿದಿನ ಒಂದು ಗೆರೆ ಎಳೆಯುತ್ತಿದ್ದೆ.

ಹನ್ನೆರಡನೆಯ ದಿನ ಆ ನಾಲ್ವರಲ್ಲಿ ಒಬ್ಬಳ ತಾಯಿ ಶಾಲೆಯ ಗೇಟಿನ ಬಳಿ ಕಾಯುತ್ತಿದ್ದರು. ಕೂಲಿ ಬಿಟ್ಟು ಬಂದಿದ್ದರು. “ಅಕ್ಕೋರ, ಒಂದು ಅರ್ಜಿ ಬರದು ಕೊಡ್ರಿ. ನನಗ ಬರಿಯಾಕ ಬರಂಗಿಲ್ಲ. ಮಗಳಿಗೆ ಬರಿ ಅಂದ್ರ ಅಕಿ ಅಳ್ತಾಳ.”

ಹಾಳೆ ತೆಗೆದೆ. ‘ಇಂದ’ ಎಂದು ಬರೆದು ಅವರ ಹೆಸರು ಬರೆದೆ. ‘ಇವರಿಗೆ’ ಎಂದು ಬರೆದು ನಿಂತೆ. ಬಿ.ಎಸ್ಸಿ. ಮುಗಿಸಿ, ಬಿ.ಇಡಿ. ಮೂರನೆಯ ಸೆಮಿಸ್ಟರಿಗೆ ಬಂದವಳಿಗೆ, ಒಂದು ಮಗುವಿನ ಮೇಲೆ ತಾರತಮ್ಯವಾದರೆ ಯಾರಿಗೆ ಬರೆಯಬೇಕು ಎಂಬುದು ಗೊತ್ತಿರಲಿಲ್ಲ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದುಗೊಳಿಸಿದೆ ಎಂದು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದೆ. ಆ ವಿಧಿಯನ್ನು ಹಿಡಿದು ಯಾವ ಕಚೇರಿಯ ಮೆಟ್ಟಿಲು ಹತ್ತಬೇಕೆಂದು ಯಾರೂ ಕೇಳಿರಲಿಲ್ಲ.

ಈ ಲೇಖನ ಆ ಖಾಲಿ ಜಾಗದ ಬಗ್ಗೆ.

ಯಾವ ಬಾಗಿಲು

ನಂತರದ ದಿನಗಳಲ್ಲಿ ಓದಿ, ಕೇಳಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮಲ್ಲಿ ಯಾರಿಗಾದರೂ ಮುಂದಿನ ಅಭ್ಯಾಸ ಬೋಧನೆಯಲ್ಲೇ ಬೇಕಾಗಬಹುದು.

ಮೊದಲ ಬಾಗಿಲು ಶಿಕ್ಷಣದ ಹಕ್ಕಿನದು. 2009ರ ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣದ ಹಕ್ಕು ಅಧಿನಿಯಮ 6ರಿಂದ 14 ವರ್ಷದ ಮಕ್ಕಳಿಗೆ, ಅಂದರೆ 8ನೇ ತರಗತಿಯವರೆಗೆ ಅನ್ವಯಿಸುತ್ತದೆ. ನಮ್ಮ ರಾಜ್ಯದಲ್ಲಿ 8ನೇ ತರಗತಿ ಬಹಳ ಕಡೆ ಪ್ರೌಢಶಾಲೆಯಲ್ಲಿದೆ. ಹಾಗಾಗಿ ‘ಇದು ಹೈಸ್ಕೂಲು, ಆರ್‌ಟಿಇ ಬರುವುದಿಲ್ಲ’ ಎಂದು ಯಾರಾದರೂ ಹೇಳಿದರೆ ನಂಬಬೇಕಾಗಿಲ್ಲ. ದುರ್ಬಲ ವರ್ಗ ಮತ್ತು ಅವಕಾಶವಂಚಿತ ಗುಂಪಿನ ಮಕ್ಕಳಿಗೆ ತಾರತಮ್ಯವಾಗದಂತೆ ನೋಡಿಕೊಳ್ಳುವುದು ಸರ್ಕಾರದ ಮತ್ತು ಸ್ಥಳೀಯ ಪ್ರಾಧಿಕಾರದ ಕರ್ತವ್ಯ ಎಂದು ಅದರ 8 ಮತ್ತು 9ನೇ ಪ್ರಕರಣಗಳು ಹೇಳುತ್ತವೆ. 17ನೇ ಪ್ರಕರಣ ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. 32ನೇ ಪ್ರಕರಣದ ಪ್ರಕಾರ ಯಾರು ಬೇಕಾದರೂ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಡಬಹುದು. ಅದು ಮೂರು ತಿಂಗಳೊಳಗೆ ತೀರ್ಮಾನವಾಗಬೇಕು. ಆ ತೀರ್ಮಾನ ಒಪ್ಪಿಗೆಯಾಗದಿದ್ದರೆ ಮೇಲ್ಮನವಿ ಹೋಗುವುದು ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ. ಆ ಆಯೋಗಕ್ಕೆ ನೇರವಾಗಿಯೂ ದೂರು ಬರೆಯಬಹುದು. ಮಗು ತಕ್ಷಣದ ಅಪಾಯದಲ್ಲಿದ್ದರೆ 1098ಕ್ಕೆ ಕರೆ ಮಾಡಬೇಕು.

ಎರಡನೆಯ ಬಾಗಿಲು ಪೊಲೀಸ್ ಠಾಣೆಯದು. ಪರಿಶಿಷ್ಟ ಜಾತಿ ಅಥವಾ ಪಂಗಡದ ಮಗುವಿಗೆ ಜಾತಿಯ ಕಾರಣದಿಂದ ಅವಮಾನವಾದರೆ, ಶಾಲೆಯೊಳಗೆ ಪ್ರವೇಶಕ್ಕೆ ಅಡ್ಡಿಯಾದರೆ, ಅದು 1989ರ ದೌರ್ಜನ್ಯ ಪ್ರತಿಬಂಧ ಅಧಿನಿಯಮದಡಿ ಅಪರಾಧವಾಗಬಹುದು. 2015ರ ತಿದ್ದುಪಡಿ ಅದರ ಪಟ್ಟಿಯನ್ನು ಇನ್ನೂ ವಿಸ್ತರಿಸಿತು. ಎಫ್‌ಐಆರ್ ದಾಖಲಿಸುವ ಮೊದಲು ಪ್ರಾಥಮಿಕ ವಿಚಾರಣೆ ಬೇಕಿಲ್ಲ ಎಂದು 2018ರಲ್ಲಿ ಸೇರಿಸಿದ 18ಎ ಪ್ರಕರಣ ಹೇಳುತ್ತದೆ. ತನಿಖೆ ಮಾಡುವವರು ಡಿವೈಎಸ್‌ಪಿ ದರ್ಜೆಗಿಂತ ಕಡಿಮೆಯವರಾಗಿರಬಾರದು. ನಮಗೆ ಹತ್ತಿರದ ಡಿವೈಎಸ್‌ಪಿ ಕಚೇರಿಗಳು ಸಿಂಧನೂರಿನಲ್ಲೂ ಲಿಂಗಸುಗೂರಿನಲ್ಲೂ ಇವೆ. ಎಫ್‌ಐಆರ್ ಪ್ರತಿಯನ್ನು ದೂರುದಾರರಿಗೆ ಉಚಿತವಾಗಿ ಕೊಡಬೇಕು. ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಅದನ್ನೇ ಅಂಚೆಯಲ್ಲಿ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಕಳುಹಿಸಬಹುದು. ಈ ಕಾಯ್ದೆಯ ಜಾರಿ ನೋಡಲು ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ ಜಿಲ್ಲಾ ಸಮಿತಿಯೂ, ಉಪವಿಭಾಗ ಮಟ್ಟದಲ್ಲಿ ಇನ್ನೊಂದು ಸಮಿತಿಯೂ ಇರಬೇಕೆಂದು ನಿಯಮವಿದೆ. ನಮ್ಮ ಉಪವಿಭಾಗದ ಸಹಾಯಕ ಆಯುಕ್ತರ ಕಚೇರಿ ಲಿಂಗಸುಗೂರಿನಲ್ಲೇ ಇದೆ.

ಮೂರನೆಯ ಬಾಗಿಲು ಕರ್ನಾಟಕ ರಾಜ್ಯ ಮಾನವ ಹಕ್ಕುಗಳ ಆಯೋಗ. 1993ರ ಮಾನವ ಹಕ್ಕುಗಳ ಸಂರಕ್ಷಣಾ ಅಧಿನಿಯಮದಡಿ ರಚನೆಯಾಗಿ 2007ರಿಂದ ಕೆಲಸ ಮಾಡುತ್ತಿರುವ ಈ ಆಯೋಗದ ಹೆಸರು ಪತ್ರಿಕೆಯಲ್ಲಿ ಕಂಡಾಗ ಲಾಕಪ್ ಸಾವು, ಪೊಲೀಸ್ ದೌರ್ಜನ್ಯ ಎಂದಷ್ಟೇ ನಾನು ತಿಳಿದಿದ್ದೆ. ಆದರೆ ಆ ಕಾಯ್ದೆ ಮಾನವ ಹಕ್ಕು ಎಂದರೆ ಜೀವ, ಸ್ವಾತಂತ್ರ್ಯ, ಸಮಾನತೆ ಮತ್ತು ಘನತೆಗೆ ಸಂಬಂಧಿಸಿದ ಹಕ್ಕು ಎಂದು ಹೇಳುತ್ತದೆ. ಬಕೆಟ್ ಹೊತ್ತ ಹುಡುಗಿಯ ವಿಷಯ ಕೊನೆಯ ಎರಡು ಪದಗಳೊಳಗೆ ಬರುತ್ತದೆ.

ಈ ಆಯೋಗದ ಬಗ್ಗೆ ನಾಲ್ಕು ಸಂಗತಿ ನೆನಪಿಡಬೇಕು. ಒಂದು, ದೂರು ಸರ್ಕಾರಿ ನೌಕರರ ಕೃತ್ಯದ ಬಗ್ಗೆ ಅಥವಾ ಉಲ್ಲಂಘನೆ ತಡೆಯುವಲ್ಲಿ ಅವರು ತೋರಿದ ನಿರ್ಲಕ್ಷ್ಯದ ಬಗ್ಗೆ ಇರಬೇಕು. ಖಾಸಗಿ ಶಾಲೆಯ ಆಡಳಿತ ಮಂಡಳಿಯ ಮೇಲೆ ನೇರವಾಗಿ ಹೋಗುವುದು ಕಷ್ಟ. ಆದರೆ ಅಲ್ಲಿನ ತಾರತಮ್ಯ ಗೊತ್ತಿದ್ದೂ ಇಲಾಖೆಯ ಅಧಿಕಾರಿ ಸುಮ್ಮನಿದ್ದರೆ ಆ ನಿರ್ಲಕ್ಷ್ಯ ದೂರಿನ ವಿಷಯವಾಗಬಹುದು. ಎರಡು, ಘಟನೆ ನಡೆದ ಒಂದು ವರ್ಷದೊಳಗೆ ದೂರು ಹೋಗಬೇಕು. ಆಮೇಲೆ ಆಯೋಗ ವಿಚಾರಣೆ ಮಾಡುವಂತಿಲ್ಲ. ಮೂರು, ಅದೇ ವಿಷಯ ಈಗಾಗಲೇ ಇನ್ನೊಂದು ಆಯೋಗದ ಮುಂದಿದ್ದರೆ ಇದು ಕೈಹಾಕುವುದಿಲ್ಲ. ಕೋಪದಲ್ಲಿ ಎಲ್ಲ ಆಯೋಗಗಳಿಗೂ ಒಂದೇ ದಿನ ಒಂದೇ ಅರ್ಜಿ ಕಳುಹಿಸಿದರೆ ನಮಗೇ ತೊಡಕು. ನಾಲ್ಕು, ಆಯೋಗ ಸಾಕ್ಷಿಗಳನ್ನು ಕರೆಸಬಲ್ಲದು, ದಾಖಲೆ ತರಿಸಬಲ್ಲದು, ವರದಿ ಕೇಳಬಲ್ಲದು. ಆದರೆ ಕೊನೆಗೆ ಅದು ಕೊಡುವುದು ಶಿಫಾರಸು: ಪರಿಹಾರ ಕೊಡಿ, ಶಿಸ್ತುಕ್ರಮ ತೆಗೆದುಕೊಳ್ಳಿ, ಮೊಕದ್ದಮೆ ಹೂಡಿ ಎಂದು. ಜೈಲಿಗೆ ಹಾಕುವ ಅಧಿಕಾರ ಅದಕ್ಕಿಲ್ಲ.

ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ಕನ್ನಡದಲ್ಲೇ ಬರೆಯಬಹುದು. ನೊಂದವರೇ ಬರೆಯಬೇಕೆಂದೂ ಇಲ್ಲ, ಅವರ ಪರವಾಗಿ ಬೇರೆಯವರು ಬರೆಯಬಹುದು. ಓದುಬರಹ ಬಾರದ ತಾಯಿಗೆ ಈ ಕೊನೆಯ ಮಾತೇ ಮುಖ್ಯ.

ನನ್ನ ಮೊದಲ ಕರಡು

ಆ ತಾಯಿಗಾಗಿ ನಾನು ಬರೆದ ಮೊದಲ ಅರ್ಜಿ ಎರಡು ಪುಟ ಇತ್ತು. ‘ಅಮಾನವೀಯ’, ‘ಹೀನ’, ‘ನಾಗರಿಕ ಸಮಾಜ ತಲೆತಗ್ಗಿಸುವ’ ಎಂಬ ಪದಗಳಿದ್ದವು. ದಿನಾಂಕ ಒಂದೂ ಇರಲಿಲ್ಲ. ನಮ್ಮ ಮನೆಯ ಹತ್ತಿರದ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರಿಗೆ ತೋರಿಸಿದೆ. ಅವರು ಓದಿ, “ಇದರಾಗ ನಿನ್ನ ಸಿಟ್ಟು ಐತಿ, ಆ ಹುಡುಗಿ ಎಲ್ಲಿದಾಳವ್ವ?” ಎಂದರು.

ವಿಜ್ಞಾನ ಬೋಧನೆಯಲ್ಲಿ ನಾವು ಮೊದಲು ಕಲಿಸುವುದು ವೀಕ್ಷಣೆ ಬೇರೆ, ತೀರ್ಮಾನ ಬೇರೆ ಎಂಬುದನ್ನು. ನೀರು ಚಿಮ್ಮಿದ ದೂರ ಅಳೆದು ಬರೆಯುವುದು ವೀಕ್ಷಣೆ, ಆಳ ಹೆಚ್ಚಿದಂತೆ ಒತ್ತಡ ಹೆಚ್ಚುತ್ತದೆ ಎನ್ನುವುದು ತೀರ್ಮಾನ. ಮಕ್ಕಳ ದಾಖಲೆ ಪುಸ್ತಕದಲ್ಲಿ ಎರಡೂ ಕಲಸಿಹೋದರೆ ಕೆಂಪು ಶಾಯಿ ಹಾಕುವ ನಾನು ದೂರಿನಲ್ಲಿ ಅದೇ ತಪ್ಪು ಮಾಡಿದ್ದೆ. ಎರಡನೆಯ ಕರಡಿಗೆ ದಿನಚರಿಯ ಕೊನೆಯ ಪುಟದ ಪೆನ್ಸಿಲ್ ಗೆರೆಗಳು ನೆರವಾದವು. ‘ಇಂಥ ದಿನಾಂಕದಿಂದ ಇಂಥ ದಿನಾಂಕದವರೆಗೆ ನೋಡಿದ 9 ಶಾಲಾ ದಿನಗಳಲ್ಲಿ 9 ದಿನವೂ, 46 ಮಕ್ಕಳಿರುವ ತರಗತಿಯ ಇದೇ ನಾಲ್ವರು, ಮೊದಲ ಅವಧಿಯ ಸಮಯದಲ್ಲಿ, ಶೌಚಾಲಯ ತೊಳೆದಿದ್ದಾರೆ. ನಾಲ್ವರೂ ಪರಿಶಿಷ್ಟ ಜಾತಿಗೆ ಸೇರಿದವರು. ಉಳಿದ 42 ಮಕ್ಕಳಲ್ಲಿ ಯಾರಿಗೂ ಈ ದಿನಗಳಲ್ಲಿ ಈ ಕೆಲಸ ಹಂಚಿಲ್ಲ.’ ಇಷ್ಟು ಬರೆದ ಮೇಲೆ ‘ಅಮಾನವೀಯ’ ಎಂಬ ಪದ ಬೇಕಾಗಲಿಲ್ಲ.

ಆ ಹಿರಿಯರು ಹೇಳಿಕೊಟ್ಟ ಕ್ರಮ ಹೀಗಿತ್ತು. ಮೊದಲ ಭಾಗದಲ್ಲಿ ದೂರುದಾರರು ಯಾರು, ಮಗುವಿಗೆ ಅವರು ಏನಾಗಬೇಕು, ವಿಳಾಸವೇನು. ಎರಡನೆಯದರಲ್ಲಿ ಏನು ನಡೆಯಿತು, ಎಲ್ಲಿ, ಯಾವ ದಿನ, ಯಾರ ಸಮ್ಮುಖದಲ್ಲಿ. ಮೂರನೆಯದರಲ್ಲಿ ಈಗಾಗಲೇ ಯಾರಿಗೆ ತಿಳಿಸಲಾಗಿದೆ, ಅವರು ಏನೆಂದರು, ಈ ವಿಷಯ ಬೇರೆ ಕಡೆ ಬಾಕಿ ಇದೆಯೇ. ನಾಲ್ಕನೆಯದರಲ್ಲಿ ನಾವು ಕೇಳುವುದೇನು. ಕೊನೆಯ ಭಾಗವನ್ನು ಹೆಚ್ಚಿನವರು ‘ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ವಿನಂತಿ’ ಎಂದು ಮುಗಿಸುತ್ತಾರೆ. ಸೂಕ್ತ ಎಂದರೆ ಏನೆಂದು ನಾವೇ ಹೇಳದಿದ್ದರೆ ಕಚೇರಿ ತನಗೆ ಸೂಕ್ತ ಕಂಡದ್ದನ್ನು ಮಾಡುತ್ತದೆ. ಆ ತಾಯಿ ಕೇಳಿದ್ದು ಮೂರೇ: ಈ ಕೆಲಸ ಮಕ್ಕಳಿಂದ ಮಾಡಿಸಬಾರದು, ಮಗಳಿಗೆ ತಪ್ಪಿದ ಪಾಠ ಹೇಳಿಕೊಡಬೇಕು, ಅರ್ಜಿ ಕೊಟ್ಟದ್ದಕ್ಕೆ ಮಗಳನ್ನು ಯಾರೂ ಆಡಿಕೊಳ್ಳಬಾರದು. ಯಾರನ್ನೂ ಅಮಾನತು ಮಾಡಿ ಎಂದು ಅವರು ಕೇಳಲಿಲ್ಲ.

ಎರಡು ಪ್ರತಿ ಮಾಡಿ, ಒಂದರ ಮೇಲೆ ಸ್ವೀಕೃತಿಯ ಸಹಿ, ದಿನಾಂಕ, ಮುದ್ರೆ ಹಾಕಿಸಿಕೊಳ್ಳಬೇಕು. ಇದನ್ನು ನಾನು ನೋಡಿ ಕಲಿತೆ. ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯ ಟಪಾಲು ವಿಭಾಗದಲ್ಲಿ ಮುದ್ರೆ ಬಿದ್ದ ಆ ಪ್ರತಿಯನ್ನು ಆ ತಾಯಿ ಮಡಚಿ ರೇಷನ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡರು.

ಏನಾಯಿತು

ಮುಖ್ಯೋಪಾಧ್ಯಾಯರಿಗೆ ಒಂದು, ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಒಂದು ಪ್ರತಿ ಹೋಯಿತು. ಮುಂದಿನ ವಾರ ಶೌಚಾಲಯಕ್ಕೆ ದಿನಗೂಲಿಯ ಮೇಲೆ ಒಬ್ಬರನ್ನು ಗೊತ್ತು ಮಾಡಿದರು. ಬಕೆಟ್ ನಿಂತಿತು. ಇದನ್ನು ಗೆಲುವು ಎಂದು ಬರೆದು ಇಲ್ಲಿಗೇ ಮುಗಿಸಬಹುದಿತ್ತು. ಆದರೆ ಆ ಹುಡುಗಿಗೆ ತರಗತಿಯಲ್ಲಿ ‘ಅರ್ಜಿ’ ಎಂದು ಅಡ್ಡಹೆಸರು ಬಿತ್ತು. ಅವಳು ನಾಲ್ಕು ದಿನ ಶಾಲೆಗೆ ಬರಲಿಲ್ಲ. ಅವಳ ಮನೆಗೆ ಹೋದಾಗ ನನ್ನ ಮುಖ ನೋಡಲಿಲ್ಲ. ಬಾಗಿಲಲ್ಲಿ ನಿಲ್ಲಿಸಿ ನಾನು ಬೈದದ್ದು ಅವಳಿಗೆ ಮರೆತಿರಲಿಲ್ಲ. ಕ್ಷಮೆ ಕೇಳಿದೆ. ನನ್ನ ವೀಕ್ಷಣಾ ಪುಸ್ತಕದ ಆ ಸಾಲನ್ನು ಹೊಡೆದುಹಾಕಿದ್ದನ್ನು ತೋರಿಸಿದೆ. ಐದನೆಯ ದಿನ ಬಂದಳು.

ಮಾನವ ಹಕ್ಕುಗಳ ಆಯೋಗಕ್ಕೆ ಬರೆದ ಕರಡು ಇನ್ನೂ ಹೋಗಿಲ್ಲ. ಕಳುಹಿಸುವುದೋ ಬೇಡವೋ ಎಂಬುದು ಆ ತಾಯಿಯ ತೀರ್ಮಾನ. “ಮತ್ತ ಬಕೇಟು ಹಿಡಿಸಿದ್ರ ಹಾಕೂಣು” ಎಂದಿದ್ದಾರೆ. ಗಡುವು ಯಾವ ದಿನ ಮುಗಿಯುತ್ತದೆ ಎಂದು ಆ ಕರಡಿನ ಮೇಲ್ಭಾಗದಲ್ಲಿ ದೊಡ್ಡದಾಗಿ ಬರೆದುಕೊಟ್ಟಿದ್ದೇನೆ.

ಆಕ್ಷೇಪಗಳು

ಈ ವಿಷಯ ನಮ್ಮ ಗುಂಪಿನಲ್ಲಿ ಚರ್ಚೆಗೆ ಬಂದಾಗ ಮೂರು ಆಕ್ಷೇಪ ಕೇಳಿಬಂದವು. ಮೂರೂ ಯೋಚಿಸಬೇಕಾದವೇ.

‘ಮಕ್ಕಳು ಶಾಲೆ ಸ್ವಚ್ಛ ಮಾಡಿದರೆ ತಪ್ಪೇನು? ಶ್ರಮದ ಗೌರವ ಕಲಿಸಬೇಡವೇ?’ ತರಗತಿ ಗುಡಿಸುವ ಪಾಳಿ 46 ಮಕ್ಕಳಿಗೂ ಬಂದರೆ, ಜೊತೆಗೆ ನಾವೂ ಪೊರಕೆ ಹಿಡಿದರೆ, ಅದು ಶ್ರಮದ ಪಾಠ. ನಾಲ್ವರಿಗೇ ಬಂದರೆ ಅದು ಜಾತಿಯ ಪಾಠ, ಉಳಿದ 42 ಮಕ್ಕಳೂ ಅದನ್ನು ಚೆನ್ನಾಗಿ ಕಲಿಯುತ್ತಾರೆ. ಶೌಚಾಲಯದ ವಿಷಯದಲ್ಲಂತೂ ಈ ಚರ್ಚೆಗೇ ಜಾಗವಿಲ್ಲ. 2023ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ಯಲುವಹಳ್ಳಿಯ ಮೊರಾರ್ಜಿ ದೇಸಾಯಿ ವಸತಿ ಶಾಲೆಯಲ್ಲಿ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ್ದು ಬೆಳಕಿಗೆ ಬಂದು ಪ್ರಾಂಶುಪಾಲರೇ ಬಂಧನಕ್ಕೊಳಗಾದರು. ಮಕ್ಕಳಿಂದ ಶೌಚಾಲಯ ಸ್ವಚ್ಛ ಮಾಡಿಸಬಾರದೆಂದು ಶಾಲಾ ಶಿಕ್ಷಣ ಇಲಾಖೆ ಅದೇ ತಿಂಗಳು ಸುತ್ತೋಲೆ ಹೊರಡಿಸಿತು.

‘ದೂರಿನಿಂದ ಊರಿನ ಸಾಮರಸ್ಯ ಕೆಡುತ್ತದೆ.’ ನಮ್ಮ ಪಕ್ಕದ ಕೊಪ್ಪಳ ಜಿಲ್ಲೆಯ ಎರಡು ಊರುಗಳನ್ನು ನೋಡೋಣ. 2021ರ ಸೆಪ್ಟೆಂಬರ್‌ನಲ್ಲಿ ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ ಎರಡು ವರ್ಷದ ದಲಿತ ಮಗು ಗುಡಿಯೊಳಗೆ ಹೋಯಿತೆಂದು ಕುಟುಂಬಕ್ಕೆ 25,000 ರೂಪಾಯಿ ದಂಡ ಹೇಳಲಾಯಿತು. ಕುಟುಂಬ ದೂರು ಕೊಡಲು ಹಿಂಜರಿಯಿತು. ಕೊನೆಗೆ ಸಮಾಜ ಕಲ್ಯಾಣ ಇಲಾಖೆಯ ಅಧಿಕಾರಿ ದೂರು ಕೊಟ್ಟರು, ಬಂಧನಗಳಾದವು. ನೊಂದವರ ಬಾಯಿ ಕಟ್ಟಿದಾಗ ಪಕ್ಕದಲ್ಲಿರುವ ಸರ್ಕಾರಿ ನೌಕರನ ಕೆಲಸ ಏನೆಂಬುದಕ್ಕೆ ಅದು ಉದಾಹರಣೆ. ಇನ್ನೊಂದು, ಗಂಗಾವತಿ ತಾಲ್ಲೂಕಿನ ಮರಕುಂಬಿ. ಕ್ಷೌರದಂಗಡಿ, ಹೋಟೆಲುಗಳಲ್ಲಿ ದಲಿತರಿಗೆ ಪ್ರವೇಶ ನಿರಾಕರಿಸಿದ ಜಗಳ 2014ರ ಆಗಸ್ಟ್‌ನಲ್ಲಿ ಗುಡಿಸಲುಗಳಿಗೆ ಬೆಂಕಿ ಹಚ್ಚುವವರೆಗೆ ಹೋಯಿತು. 2024ರ ಅಕ್ಟೋಬರ್‌ನಲ್ಲಿ ಕೊಪ್ಪಳದ ನ್ಯಾಯಾಲಯ 101 ಜನರನ್ನು ಅಪರಾಧಿಗಳೆಂದು ಘೋಷಿಸಿ 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಮುಂದಿನ ತಿಂಗಳೇ ಅವರಲ್ಲಿ ಬಹುತೇಕರಿಗೆ ಹೈಕೋರ್ಟಿನ ಧಾರವಾಡ ಪೀಠದಿಂದ ಜಾಮೀನು ಸಿಕ್ಕಿತು. ಹತ್ತು ವರ್ಷದ ನಂತರವೂ ಎರಡೂ ಕಡೆಯ ಮನೆಗಳಿಗೆ ನೆಮ್ಮದಿ ಇಲ್ಲ. ಸಾಮರಸ್ಯ ಕೆಡಿಸಿದ್ದು ಯಾರೋ ಬರೆದ ಅರ್ಜಿಯಲ್ಲ, ಕ್ಷೌರದಂಗಡಿಯ ಬಾಗಿಲಲ್ಲಿ ನಡೆದದ್ದು. ಅದು ಅಷ್ಟು ಚಿಕ್ಕದಿದ್ದಾಗಲೇ ಕಾನೂನಿನ ಕೈಗೆ ಸಿಕ್ಕಿದ್ದರೆ ಊರಿಗೇ ಒಳ್ಳೆಯದಾಗುತ್ತಿತ್ತು.

ಮೂರನೆಯ ಆಕ್ಷೇಪವೇ ನಿಜಕ್ಕೂ ಭಾರದ್ದು. ‘ದೂರಿನ ಬೆಲೆ ತೆರುವುದು ಮಗು, ನೀವಲ್ಲ.’ ಇದಕ್ಕೆ ನನ್ನ ಬಳಿ ಪೂರ್ತಿ ಉತ್ತರವಿಲ್ಲ. ‘ಅರ್ಜಿ’ ಎಂಬ ಅಡ್ಡಹೆಸರನ್ನು ನಾನು ಹೊತ್ತುಕೊಳ್ಳಲಾರೆ. ಆದರೆ ಎರಡು ಮಾತು ಹೇಳಬಲ್ಲೆ. ನಾನು ಸುಮ್ಮನಿದ್ದ ಹನ್ನೊಂದು ದಿನಗಳ ಬೆಲೆಯನ್ನೂ ಆ ಮಗುವೇ ತೆತ್ತಿತು, ಆಗ ಯಾರೂ ಲೆಕ್ಕ ಹಿಡಿಯಲಿಲ್ಲ. ಮತ್ತು, ಒಬ್ಬಳ ಹೆಸರಲ್ಲಿ ಹೋದ ಅರ್ಜಿ ನಾಲ್ಕು ಮನೆಯವರ ಹೆಸರಲ್ಲಿ ಹೋಗಿದ್ದರೆ, ಅಥವಾ ಹರಿದ ಹಾಳೆಯನ್ನು ಹರಿಯದೆ ನಾನೇ ನೋಡಿದ್ದನ್ನು ನನ್ನ ಹೆಸರಲ್ಲೇ ಬರೆದುಕೊಟ್ಟಿದ್ದರೆ, ಅಡ್ಡಹೆಸರು ಅವಳೊಬ್ಬಳ ಮೇಲೆ ಬೀಳುತ್ತಿರಲಿಲ್ಲ. ಇದು ನನ್ನ ತಪ್ಪು. ಮುಂದೆ ಹೋಗುವವರು ಇದನ್ನು ಮಾಡಬಾರದೆಂದೇ ಬರೆಯುತ್ತಿದ್ದೇನೆ.

ನಾನು ಕೇಳುವುದು

ಅಭ್ಯಾಸ ಬೋಧನೆಗೆ ಮೊದಲು ನಮಗೆ ಸೂಕ್ಷ್ಮ ಬೋಧನೆ ಮಾಡಿಸುತ್ತಾರೆ. ಪ್ರಶ್ನೆ ಕೇಳುವ ಕೌಶಲ, ಕಪ್ಪುಹಲಗೆ ಬಳಸುವ ಕೌಶಲ, ಪ್ರಚೋದನೆ ಬದಲಿಸುವ ಕೌಶಲ. ಈ ಪಟ್ಟಿಗೆ ಇನ್ನೊಂದನ್ನು ಸೇರಿಸಬೇಕೆಂದು ನಮ್ಮ ಕಾಲೇಜನ್ನು ಕೇಳುತ್ತೇನೆ: ನೋಡಿದ್ದನ್ನು ದೂರಾಗಿ ಬರೆಯುವ ಕೌಶಲ. ಎರಡು ಗಂಟೆ ಸಾಕು. ಒಂದು ಕಲ್ಪಿತ ಘಟನೆ ಕೊಡಿ. ಬಿಸಿಯೂಟದ ಸಾಲು ಬೇರೆಯಾಗಿದೆ ಎನ್ನಿ, ತಾಂಡಾದ ಹುಡುಗನ ಮಾತನ್ನು ಅಣಕಿಸುತ್ತಾರೆ ಎನ್ನಿ, ಆರ್‌ಎಚ್ ಕ್ಯಾಂಪಿನ ಬಂಗಾಳಿ ಹುಡುಗಿಯನ್ನು ಹೊರಗಿನವಳೆಂದು ಕೊನೆಯ ಬೆಂಚಿಗೆ ಕೂಡಿಸಿದ್ದಾರೆ ಎನ್ನಿ, ನಡೆಯಲಾಗದ ಮಗುವನ್ನು ಪ್ರಯೋಗಾಲಯಕ್ಕೆ ಕರೆದೊಯ್ಯುತ್ತಿಲ್ಲ ಎನ್ನಿ. ಪ್ರತಿಯೊಂದಕ್ಕೂ ಬಾಗಿಲು ಬೇರೆ. ಯಾವುದು, ಏಕೆ ಎಂದು ಚರ್ಚಿಸಿ ಒಂದು ಪುಟದ ಅರ್ಜಿ ಬರೆಯಲಿ, ಪಾಠಯೋಜನೆಯಂತೆಯೇ ಅದನ್ನೂ ತಿದ್ದಲಿ.

ಎರಡನೆಯದು, ನಮ್ಮ ಇಂಟರ್ನ್‌ಶಿಪ್ ಕಡತದ ಮೊದಲ ಪುಟದಲ್ಲಿ ಈ ಕಚೇರಿಗಳ ವಿಳಾಸಗಳಿರಲಿ. ಮೂರನೆಯದು, ಪ್ರತಿಫಲನ ದಿನಚರಿಯಲ್ಲಿ ಪ್ರಶಿಕ್ಷಣಾರ್ಥಿ ಬರೆದದ್ದಕ್ಕೆ ಶಾಲೆಯವರು ಅಂಕ ಕಡಿಮೆ ಮಾಡುವಂತಾಗಬಾರದು. ಅಂಥ ಪುಟವನ್ನು ನೇರವಾಗಿ ನಮ್ಮ ಉಪನ್ಯಾಸಕರಿಗೆ ತೋರಿಸುವ ದಾರಿ ಇರಬೇಕು. ಆ ದಾರಿ ಇದ್ದಿದ್ದರೆ ನಾನು ಹಾಳೆ ಹರಿಯುತ್ತಿರಲಿಲ್ಲ ಎಂದು ಖಚಿತವಾಗಿ ಹೇಳಲಾರೆ. ಹರಿಯದಿರಲು ಒಂದು ಕಾರಣವಾದರೂ ಇರುತ್ತಿತ್ತು.

ಮಾರ್ಗದರ್ಶಿ ಶಿಕ್ಷಕರ ಮಾತು ಇನ್ನೂ ಕಿವಿಯಲ್ಲಿದೆ. ಅವರ ಕಷ್ಟ ನಿಜ, ಆ ಊರಲ್ಲಿ ಇರಬೇಕಾದವರು ಅವರು. ಆದರೆ ಇನ್ನೆರಡು ವರ್ಷದಲ್ಲಿ ನಾವೂ ‘ಇಲ್ಲೇ ಇರೋರು’ ಆಗುತ್ತೇವೆ. ಆಗ ಕಲಿಯುತ್ತೇವೆ ಎಂದರೆ ಆಗುವುದಿಲ್ಲ. ಎರಡು ತಿಂಗಳಿಗೆ ಹೋಗುವವರಾಗಿರುವಾಗಲೇ ಕಲಿಯುವುದು ಸುಲಭ.

ಶಾಲೆಗೆ ಹೋಗಿಬರುವ ನನ್ನ ಬಸ್ಸು ಮಸ್ಕಿಯ ಮೂಲಕವೇ ಸಾಗುತ್ತಿತ್ತು. 1915ರಲ್ಲಿ ಅಲ್ಲಿನ ಬೆಟ್ಟದಲ್ಲಿ ಸಿಕ್ಕ ಶಾಸನದಿಂದಲೇ ‘ದೇವಾನಾಂಪ್ರಿಯ’ ಎಂಬವನು ಅಶೋಕನೇ ಎಂಬುದು ಸ್ಪಷ್ಟವಾಯಿತು ಎಂದು ನಾವೆಲ್ಲ ಓದಿದ್ದೇವೆ. ಸ್ಪರ್ಧಾತ್ಮಕ ಪರೀಕ್ಷೆಗೆ ಅಷ್ಟು ಸಾಕು. ಆದರೆ ಆ ಶಾಸನ ಹೇಳುವ ವಿಷಯ ಬೇರೆ: ದೊಡ್ಡವರು ಮಾತ್ರ ಇದನ್ನು ಸಾಧಿಸಬಲ್ಲರು ಎಂದುಕೊಳ್ಳಬೇಡಿ, ಚಿಕ್ಕವರಿಗೂ ಸಾಧ್ಯ, ಇದನ್ನು ಇಬ್ಬರಿಗೂ ತಿಳಿಸಿ ಎಂಬುದು ಅದರ ಸಾರ. ಎರಡು ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷದ ಹಿಂದೆ ನಮ್ಮದೇ ತಾಲ್ಲೂಕಿನ ಬಂಡೆಯ ಮೇಲೆ ಹೀಗೆ ಬರೆಸಿದ್ದಾರೆ. ನಾವು ಅದನ್ನು ಒಂದು ಅಂಕದ ಪ್ರಶ್ನೆ ಮಾಡಿಕೊಂಡಿದ್ದೇವೆ.

ಅಭ್ಯಾಸ ಬೋಧನೆಯ ಕೊನೆಯ ದಿನ ಆ ಹುಡುಗಿ ಬಾಟಲಿಯ ಪ್ರಯೋಗವನ್ನು ತಾನೇ ಮಾಡಿ ತೋರಿಸುತ್ತೇನೆಂದು ಮುಂದೆ ಬಂದಳು. ಮೊದಲ ಸಲ ಆ ಪಾಠ ನಡೆದಾಗ ಅವಳು ಹೊರಗಿದ್ದಳು. ಮೂರೂ ತೂತುಗಳ ನೀರು ಎಷ್ಟು ದೂರ ಬಿತ್ತೆಂದು ಸ್ಕೇಲಿನಲ್ಲಿ ಅಳೆದು ಹಲಗೆಯ ಮೇಲೆ ಬರೆದಳು. ಅಂಕಿಗಳು ಸರಿಯಾಗಿದ್ದವು.